ತೋಳದ ಗುಂಡಿಯ ಪಕ್ಕ ಒಂದು ಸ್ತೂಪ

ಲಡಾಖಿನ ಚುಶೂಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1962ರ ಚೀನಾ ಯುದ್ಧ, ಅದರ ಸಮೀಪದ ರೆಜಾಂಗ್ ಲಾದಲ್ಲಿ ಮಡಿದ ಯೋಧರು. ಅದೇ ಊರಿನ ಜನರಿಗೆ ಅದಕ್ಕಿಂತ ಬಹಳ ಹಳೆಯ ಹಗೆಯೊಂದಿತ್ತು. ಅದು ತೋಳದ ಮೇಲಿನದು.

ಈ ಹಗೆಯ ಗುರುತಾಗಿ ಲಡಾಖಿನ ಹಳ್ಳಿಹಳ್ಳಿಗಳಲ್ಲಿ ಇಂದಿಗೂ ಕಲ್ಲಿನ ಗುಂಡಿಗಳಿವೆ. ಅಲ್ಲಿನ ಮಾತಿನಲ್ಲಿ ತೋಳಕ್ಕೆ ‘ಶಂಕು’ ಎನ್ನುತ್ತಾರೆ, ಗುಂಡಿಗೆ ‘ಶಾಂಡೊಂಗ್’. ಅದರ ರಚನೆ ಸರಳ, ಆದರೆ ಕ್ರೂರ. ಸುತ್ತಲೂ ಕಟ್ಟಿದ ಕಲ್ಲುಗೋಡೆ ಮೇಲೇರಿದಂತೆ ಒಳಕ್ಕೆ ಬಾಗುತ್ತದೆ. ತಳ ಅಗಲ, ಬಾಯಿ ಕಿರಿದು. ಒಳಗೆ ಜೀವಂತ ಕುರಿಯನ್ನೋ ಮೇಕೆಯನ್ನೋ ಬಿಟ್ಟು ಬರುತ್ತಿದ್ದರು. ವಾಸನೆ ಹಿಡಿದು ಬಂದ ತೋಳ ಒಳಗೆ ಹಾರುವುದು ಸುಲಭ, ಬಾಗಿದ ಗೋಡೆ ಏರಿ ಹೊರಬರುವುದು ಅಸಾಧ್ಯ. ಬೆಳಗಾದ ಮೇಲೆ ಊರವರು ಸೇರಿ ಕಲ್ಲೆಸೆದು ಕೊಲ್ಲುತ್ತಿದ್ದರು.

ಕುರಿಗಾರರನ್ನು ಕಟುಕರೆಂದು ಕರೆಯುವ ಮುನ್ನ ಅವರ ಬದುಕನ್ನೂ ನೋಡಬೇಕು. ನಾಲ್ಕು ಸಾವಿರ ಮೀಟರಿಗೂ ಎತ್ತರದ ಈ ಚಳಿನಾಡಿನಲ್ಲಿ ಬೆಳೆ ಅಷ್ಟಕ್ಕಷ್ಟೆ. ಪಶ್ಮೀನಾ ಉಣ್ಣೆಯ ಮೇಕೆ, ಕುರಿ, ಯಾಕ್‌ಗಳೇ ಆಸ್ತಿ. ತೋಳ ಒಂದು ರಾತ್ರಿ ದೊಡ್ಡಿಗೆ ನುಗ್ಗಿತೆಂದರೆ ಒಂದೇ ಮೇಕೆಗೆ ತೃಪ್ತಿಪಡುವುದಿಲ್ಲ. ನಮ್ಮ ಬಯಲುಸೀಮೆಯ ಕುರುಬರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತೋಳಕ್ಕೂ ಸ್ಥಾನವಿದೆ. ಆದರೆ ಕಾಯ್ದೆ ಬಂದಿತೆಂದು ಗುಂಡಿಗಳು ತಾವಾಗಿ ಮುಚ್ಚಿಹೋಗಲಿಲ್ಲ. ಕುರಿ ಕಳೆದುಕೊಂಡವನ ಒಪ್ಪಿಗೆಯೂ ಬೇಕಿತ್ತು. ಅದನ್ನು ಪಡೆಯುವ ದಾರಿ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಹಳ್ಳಿಯಲ್ಲಿ ಮೊದಲೇ ತೆರೆದಿತ್ತು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಿಮಚಿರತೆಯ ರಕ್ಷಣೆಗಾಗಿ ಅಲ್ಲಿನ ಜನರೊಡನೆ ಕೈಜೋಡಿಸಿತು. ಊರವರು ಹುಲ್ಲುಗಾವಲಿನ ಒಂದು ಪಾಲನ್ನು ಭರಲ್ ಎಂಬ ಕಾಡುಕುರಿಗಳಿಗೆ ಬಿಟ್ಟರು, ಅದಕ್ಕೆ ಪರಿಹಾರ ಪಡೆದರು. 2002ರಲ್ಲಿ ಜಾನುವಾರು ವಿಮೆ ಬಂತು. ಕಂತು ಕಟ್ಟುವವರೂ ಊರವರೇ, ಸತ್ತ ಪ್ರಾಣಿಯನ್ನು ಪರೀಕ್ಷಿಸಿ ಹಣ ನೀಡುವವರೂ ಊರವರೇ. ಸರ್ಕಾರಿ ಕಚೇರಿಯ ಪರಿಹಾರಕ್ಕೆ ಅಲೆದವರಿಗೆ ಇದರ ಬೆಲೆ ಗೊತ್ತು.

ಲಡಾಖಿನಲ್ಲಿಯೂ ಇದೇ ಸಂಸ್ಥೆ ಕುರಿಗಾರರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದೆ. ದೊಡ್ಡಿಗಳಿಗೆ ಗಟ್ಟಿ ಬಾಗಿಲು, ಮೇಲೆ ತಂತಿಬಲೆ ಹಾಕಿಸುವುದು ಆ ಕೆಲಸದ ಭಾಗ. ತೋಳ ಒಳನುಗ್ಗದಂತಾದರೆ ಗುಂಡಿಯ ಮಾತನ್ನು ಎತ್ತಬಹುದು. ಇನ್ನೊಂದು ವಿಷಯವೂ ಇತ್ತು. ಈ ಜನ ಬೌದ್ಧರು. ಜೀವಹತ್ಯೆಯ ಪಾಪಭೀತಿ ಅವರೊಳಗೇ ಇತ್ತು, ಹೊರಗಿನವರು ಬೋಧಿಸಬೇಕಾಗಿರಲಿಲ್ಲ.

2018ರ ಜೂನ್‌ನಲ್ಲಿ ಚುಶೂಲಿನವರು ನಾಲ್ಕು ಗುಂಡಿಗಳನ್ನು ನಿಷ್ಕ್ರಿಯಗೊಳಿಸಿದರು. ಒಡೆದು ನೆಲಸಮ ಮಾಡಲಿಲ್ಲ, ಹಿರಿಯರ ಕೈಕೆಲಸವಲ್ಲವೇ? ಗೋಡೆಯ ಒಂದು ಪಕ್ಕದ ಕಲ್ಲುಗಳನ್ನಷ್ಟೇ ತೆಗೆದು ದಾರಿ ಬಿಟ್ಟರು. ಪಕ್ಕದಲ್ಲಿ ಒಂದು ಸ್ತೂಪ ಕಟ್ಟಿದರು, ಬೌದ್ಧ ಗುರುಗಳು ಅದನ್ನು ಪ್ರತಿಷ್ಠಾಪಿಸಿದರು. ಈಗ ಆ ಗುಂಡಿಗೆ ತೋಳ ಹಾರಿದರೂ, ತೆರೆದ ಗೋಡೆಯ ಸಂದಿನಿಂದ ನಡೆದೇ ಹೊರಗೆ ಹೋಗಬಹುದು.