ಹಕೀಮರ ಕಷಾಯ, ಗಾಜಿನ ತಟ್ಟೆ

ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (1436–1458) ನಮ್ಮ ಬೀದರಿನಲ್ಲಿ ದವಾಖಾನೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಕಂದಾಯ ಬಿಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ನೇಮಿಸಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಕಾಲೇಜಿನ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದ ನನಗೆ ಕುತೂಹಲ ಒಂದೇ: ಯಾರ ಕಷಾಯ ಮೇಲೆಂದು ಅವರು ಹೇಗೆ ತೀರ್ಮಾನಿಸುತ್ತಿದ್ದರು? ರೋಗಿ ಎದ್ದು ಕೂತರೆ ಅದೇ ಸಾಕ್ಷಿ ಇದ್ದೀತು.

ಬೇರೆ ಸಾಕ್ಷಿ ಸಿಗಲು ನಾಲ್ಕು ಶತಮಾನ ಬೇಕಾಯಿತು. 1879ರಲ್ಲಿ ಜರ್ಮನಿಯ ಸಾಕ್ಸ್‌ಲೆಟ್ ತನ್ನ ಗಾಜಿನ ಉಪಕರಣ ಮಾಡಿದ್ದು ಹಾಲಿನ ಕೊಬ್ಬು ಅಳೆಯಲು. ನಾವು ಅದರಲ್ಲಿ ಎಲೆಯ ಸಾರ ಇಳಿಸುತ್ತಿದ್ದೆವು. ಸಾರದ ಬಲ ನೋಡಲು ಬ್ಯಾಕ್ಟೀರಿಯಾ ಬೆಳೆಸಬೇಕು; ಅದಕ್ಕೆ ಬೇಕಾದ ಅಗಾರ್ ಎಂಬ ಜೆಲ್ಲಿಯನ್ನು ಬ್ಯಾಕ್ಟೀರಿಯಾ ತಜ್ಞ ಕೋಖ್‌ನ ಪ್ರಯೋಗಾಲಯಕ್ಕೆ ತೋರಿಸಿಕೊಟ್ಟವಳು ಫ್ಯಾನಿ ಹೆಸ್ಸೆ, ತನ್ನ ಅಡುಗೆಮನೆಯ ಅನುಭವದಿಂದ. ಆ ಅಗಾರ್ ಹೊಯ್ಯುವ ಪೆಟ್ರಿಯ ಗಾಜಿನ ತಟ್ಟೆ ಬಂದದ್ದು 1887ರಲ್ಲಿ.

ಔರಾದ, ಭಾಲ್ಕಿ ಕಡೆಯ ಹುಡುಗರು ಬೇವು, ತಂಗಡಿ, ಲಕ್ಕಿ ಸೊಪ್ಪು ತರುತ್ತಿದ್ದರು. ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಮೆಥನಾಲಿನಲ್ಲಿ ಸಾರ ತೆಗೆದು, ಬ್ಯಾಕ್ಟೀರಿಯಾ ಸವರಿದ ಅಗಾರಿನಲ್ಲಿ ಕೊರೆದ ಗುಳಿಗಳಿಗೆ ಹಾಕುವುದು. 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ, ಸಾರಕ್ಕೆ ಬಲವಿದ್ದಲ್ಲಿ ಗುಳಿಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಿದ್ದೆವು. ಬ್ಯಾಕ್ಟೀರಿಯಾಗಳಲ್ಲಿ ಸ್ಟೆಫೈಲೊಕಾಕಸ್ ಸಾಮಾನ್ಯವಾಗಿ ಬೇಗ ಸೋಲುತ್ತದೆ. ಇ. ಕೋಲಿ ಹಟಮಾರಿ, ಅದಕ್ಕೆ ಹೊರಪೊರೆಯ ಕಾವಲಿದೆ.

ಒಂದು ಗುಳಿಗೆ ಬರೀ ಮೆಥನಾಲ್ ಹಾಕಲೇಬೇಕು, ಏಕೆಂದರೆ ಅದೂ ಬ್ಯಾಕ್ಟೀರಿಯಾ ಕೊಲ್ಲಬಲ್ಲದು. ಇದನ್ನು ಬಿಟ್ಟವರ ಫಲಿತಾಂಶವನ್ನು ನಾನು ನಂಬುವುದಿಲ್ಲ. ಇನ್ನೊಂದು ಮಾತು: ನಮ್ಮ ಅಜ್ಜಿಯರು ಸೊಪ್ಪು ಕುದಿಸಿದ್ದು ನೀರಿನಲ್ಲಿ. ನೀರಿಗೂ ಮೆಥನಾಲಿಗೂ ಇಳಿಯುವ ಪದಾರ್ಥಗಳು ಬೇರೆ. ಹಾಗಾಗಿ ಮತ್ತೊಂದು ಗುಳಿಗೆ ನೀರಿನ ಸಾರವನ್ನೂ ಹಾಕಿಸುತ್ತಿದ್ದೆ.