ಸಸ್ಯಾಹಾರ ಮತ್ತು ಬಿ12 ಜೀವಸತ್ವ

ಬಿ12 ಜೀವಸತ್ವವನ್ನು ಸಸ್ಯಗಳಾಗಲಿ ಪ್ರಾಣಿಗಳಾಗಲಿ ತಯಾರಿಸಲಾರವು. ಅದನ್ನು ಉತ್ಪಾದಿಸುವವು ಕೆಲವು ಸೂಕ್ಷ್ಮಾಣುಜೀವಿಗಳು ಮಾತ್ರ. ಪ್ರಾಣಿಗಳ ದೇಹವನ್ನು ಸೇರಿದ ಬಿ12 ಮಾಂಸ, ಮೀನು, ಮೊಟ್ಟೆ, ಹಾಲುಗಳ ಮೂಲಕ ನಮಗೆ ದೊರೆಯುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ. ರಾಗಿ, ಬೇಳೆ, ಸೊಪ್ಪುಗಳು ಎಷ್ಟೇ ಪೌಷ್ಟಿಕವಾದರೂ ಅವುಗಳಿಂದ ಇದು ದೊರೆಯದು. ಸಸ್ಯಾಹಾರಿಗಳಿಗೆ ಹಾಲು, ಮೊಸರುಗಳೇ ಆಧಾರ. ಪರದೇಶದಲ್ಲಿ ಅವನ್ನು ಬಿಟ್ಟು ಬಾದಾಮಿ ಅಥವಾ ಓಟ್ಸ್ ಹಾಲನ್ನು ನೆಚ್ಚಿಕೊಂಡವರು, ಅದಕ್ಕೆ ಬಿ12 ಸೇರಿಸಲಾಗಿದೆಯೇ ಎಂಬುದನ್ನು ಪೊಟ್ಟಣದ ಮೇಲೆ ನೋಡಿಕೊಳ್ಳಬೇಕು.

ಯಕೃತ್ತಿನಲ್ಲಿರುವ ದಾಸ್ತಾನು ಹಲವು ವರ್ಷ ಸಾಲುವುದರಿಂದ ಕೊರತೆಯು ನಿಧಾನವಾಗಿ ತಲೆದೋರುತ್ತದೆ: ರಕ್ತಹೀನತೆ, ಆಯಾಸ, ನಾಲಗೆಯ ಉರಿ, ಪಾದಗಳಲ್ಲಿ ಜೋಮು, ಮರೆವು. ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಹೀರಿಕೆ ಕುಗ್ಗಬಹುದು; ಅಂಥವರ ಜೋಮನ್ನು ಸಕ್ಕರೆ ಕಾಯಿಲೆಯದೇ ಎಂದು ಭಾವಿಸಿ ಸುಮ್ಮನಿರುವುದು ಅಪಾಯಕರ. ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತಹೀನತೆ ನೀಗೀತು, ಆದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಕೊರತೆಯನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಿ, ಮಾತ್ರೆ ಅಥವಾ ಚುಚ್ಚುಮದ್ದಿನಿಂದ ನೀಗಿಸಬಹುದು. ತಡವಾದಲ್ಲಿ ರಕ್ತ ಚೇತರಿಸಿಕೊಂಡರೂ ನರಗಳು ಪೂರ್ತಿ ಚೇತರಿಸಿಕೊಳ್ಳದೆ ಉಳಿಯಬಹುದು.