ಉಳಿಯದ ಮಕ್ಕಳು ಉಳಿಸಿದ ಮಕ್ಕಳು

ಔಷಧದ ಅಂಗಡಿಯಲ್ಲಿ ಕೊಡುವ ಚೀಟಿಯಲ್ಲಿ ಔಷಧದ ಬೆಲೆ ಬರೆದಿರುತ್ತದೆ. ಅದು ರೋಗಿಯ ಕೈಗೆ ಬರುವವರೆಗೆ ಯಾರು ಯಾರು ಏನೇನು ತೆತ್ತರೆಂಬುದು ಬರೆದಿರುವುದಿಲ್ಲ. ಹಲವು ಔಷಧಗಳ ವಿಷಯದಲ್ಲಿ ಈ ಎರಡನೆಯ ಲೆಕ್ಕವೇ ದೊಡ್ಡದು. ಮಕ್ಕಳನ್ನು ಕಾಡುವ ಕ್ಯಾನ್ಸರುಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದ 'ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ' ಎಂಬ ರಕ್ತದ ಕ್ಯಾನ್ಸರಿನ ಚಿಕಿತ್ಸೆಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 1947ಕ್ಕೆ ಮೊದಲು ಈ ರೋಗಕ್ಕೆ ತುತ್ತಾದ ಮಗು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. ಇಂದು ಮುಂದುವರಿದ ದೇಶಗಳಲ್ಲಿ ಇಂತಹ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಗುಣ ಹೊಂದುತ್ತಾರೆ. ಈ ಬದಲಾವಣೆ ಒಬ್ಬ ಮಹಾವೈದ್ಯನಿಂದಾಗಲಿ, ಒಂದು ದಿವ್ಯೌಷಧದಿಂದಾಗಲಿ ಆದುದಲ್ಲ.

ಎಲುಬಿನ ಒಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟುತ್ತವೆ. ಅಲ್ಲಿ ಒಂದು ಬಗೆಯ ಎಳೆಯ ಬಿಳಿಕಣ ಬಲಿಯದೆಯೇ ಎಲ್ಲೆಮೀರಿ ವೃದ್ಧಿಸಿ ಮಜ್ಜೆಯನ್ನೆಲ್ಲ ಆಕ್ರಮಿಸುವುದೇ ಈ ರೋಗ. ಕೆಂಪುಕಣಗಳು ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿ ಒಸಡಿನಿಂದ, ಮೂಗಿನಿಂದ ರಕ್ತ ಒಸರುತ್ತದೆ. ಸೋಂಕನ್ನು ಎದುರಿಸುವ ಶಕ್ತಿ ಉಡುಗುತ್ತದೆ. ಗೆಡ್ಡೆಯಾಗಿದ್ದರೆ ಕತ್ತರಿಸಿ ತೆಗೆಯಬಹುದು. ದೇಹದಲ್ಲೆಲ್ಲ ಹರಿಯುವ ರಕ್ತವನ್ನು ಕತ್ತರಿಸುವುದು ಹೇಗೆ? ಆದುದರಿಂದ ಈ ರೋಗಕ್ಕೆ ಔಷಧವೊಂದೇ ದಾರಿಯಾಗಿತ್ತು. ಆದರೆ ಔಷಧವೇ ಇರಲಿಲ್ಲ.

ಔಷಧದ ಮೊದಲ ಸುಳಿವು ದೊರೆತುದರ ಹಿಂದೆ ಭಾರತದ ಒಂದು ನಂಟಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರದಿಂದ ಅದು ವಾಸಿಯಾಗುವುದೆಂದು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಉಪಕಾರಕ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರು ಪಡೆಯಿತು. ಹೊಸ ಜೀವಕೋಶಗಳು ಹುಟ್ಟಲು, ಅದರಲ್ಲಿಯೂ ರಕ್ತಕಣಗಳು ಹುಟ್ಟಲು ಅದು ಅತ್ಯವಶ್ಯಕ. ಅಮೆರಿಕದ ಲೆಡರ್ಲಿ ಸಂಸ್ಥೆಯಲ್ಲಿ ಅದನ್ನು ರಾಸಾಯನಿಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿ, ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದ ಯಲ್ಲಾಪ್ರಗಡ ಸುಬ್ಬರಾವ್. ಸ್ಪ್ರೂ ಎಂಬ ಕರುಳಿನ ರೋಗದಿಂದ ಸೋದರರನ್ನು ಕಳೆದುಕೊಂಡಿದ್ದ ಅವರಿಗೆ ಆ ರೋಗಕ್ಕೆ ಮದ್ದು ಹುಡುಕುವುದು ಬಾಳಿನ ಹಂಬಲಗಳಲ್ಲಿ ಒಂದಾಗಿತ್ತು.

ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಸತ್ತ ಮಕ್ಕಳ ದೇಹವನ್ನು ಪರೀಕ್ಷಿಸಿ ಮರಣದ ಕಾರಣ ಬರೆಯುವುದು ಅವರ ವೃತ್ತಿ. ಕಾರಣ ಬರೆಯುವುದರಿಂದ ಯಾವ ಮಗುವೂ ಬದುಕುವುದಿಲ್ಲವೆಂಬ ಕೊರಗಿನಿಂದ ಅವರು ಲ್ಯುಕೀಮಿಯಾದ ಚಿಕಿತ್ಸೆಯತ್ತ ತಿರುಗಿದರು. ಫೋಲಿಕ್ ಆಮ್ಲ ರಕ್ತವನ್ನು ಸರಿಪಡಿಸುವುದಾದರೆ ಲ್ಯುಕೀಮಿಯಾವನ್ನೂ ಸರಿಪಡಿಸೀತೆಂದು ಊಹಿಸಿ, ಅದರ ಸಂಯುಕ್ತಗಳನ್ನು ರೋಗಿಗಳಾದ ಮಕ್ಕಳಿಗೆ ಕೊಟ್ಟರು. ಫಲ ವಿಪರೀತವಾಯಿತು. ಮಜ್ಜೆಯಲ್ಲಿನ ರೋಗಕಣಗಳು ಇನ್ನಷ್ಟು ಹುಲುಸಾಗಿ ಬೆಳೆದವು.

ಈ ಚರಿತ್ರೆಯ ನೈತಿಕ ತಿರುವು ಇರುವುದು ಇಲ್ಲಿಯೇ. ತಪ್ಪನ್ನು ಮುಚ್ಚಿಟ್ಟು ಆ ಮಕ್ಕಳ ಸಾವನ್ನು ರೋಗದ ಲೆಕ್ಕಕ್ಕೆ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಹೇಗೂ ಸಾಯುವ ಮಕ್ಕಳೆಂದೇ ಎಲ್ಲರೂ ತಿಳಿದಿದ್ದರು. ಫಾರ್ಬರ್ ಹಾಗೆ ಮಾಡಲಿಲ್ಲ. ತಮ್ಮ ಚಿಕಿತ್ಸೆ ರೋಗವನ್ನು ವೇಗಗೊಳಿಸಿತೆಂದು ಒಪ್ಪಿಕೊಂಡು, ಅದೇ ಸತ್ಯದಿಂದ ಮುಂದಿನ ಪ್ರಶ್ನೆಯನ್ನು ಎತ್ತಿದರು: ಫೋಲಿಕ್ ಆಮ್ಲ ರೋಗಕ್ಕೆ ಆಹಾರವಾಗುವುದಾದರೆ, ಅದನ್ನು ತಡೆಯುವ ವಸ್ತು ರೋಗಕ್ಕೆ ಉಪವಾಸವಾಗಬೇಡವೇ? ಸುಬ್ಬರಾವ್ ಅವರ ತಂಡ ಅಂತಹ ಪ್ರತಿರೋಧಕಗಳನ್ನು ತಯಾರಿಸುತ್ತಿತ್ತು. ರೂಪದಲ್ಲಿ ಫೋಲಿಕ್ ಆಮ್ಲದಂತೆಯೇ ಇದ್ದು ಜೀವಕೋಶವನ್ನು ವಂಚಿಸುವ, ಆದರೆ ಅದರ ಕೆಲಸ ಮಾಡದ ವಸ್ತುಗಳವು. ಅವುಗಳಲ್ಲಿ ಅಮೈನೋಪ್ಟೆರಿನ್ ಎಂಬುದನ್ನು 1947ರ ಡಿಸೆಂಬರ್ ಕೊನೆಯ ವಾರದಲ್ಲಿ ಫಾರ್ಬರ್ ಒಬ್ಬ ಬಾಲಕನಿಗೆ ಮೊದಲು ಕೊಟ್ಟರು. ಏರುತ್ತಿದ್ದ ಬಿಳಿಕಣಗಳ ಸಂಖ್ಯೆ ಇಳಿಯಿತು. ಸಾಯುತ್ತಾನೆಂದುಕೊಂಡಿದ್ದ ಹುಡುಗ ಎದ್ದು ಓಡಾಡಿದ. ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು.

1948ರ ಜೂನ್ 3ರಂದು ಈ ವರದಿ ಪ್ರಕಟವಾಯಿತು. ವರದಿಯ ಶೀರ್ಷಿಕೆಯಲ್ಲಿಯೇ 'ತಾತ್ಕಾಲಿಕ' ಎಂಬ ಪದವಿದೆ. ಗುಣವಾಯಿತೆಂದು ಫಾರ್ಬರ್ ಎಲ್ಲಿಯೂ ಹೇಳಲಿಲ್ಲ. ವಾಸ್ತವವಾಗಿ ಕೆಲವು ತಿಂಗಳುಗಳಲ್ಲಿ ರೋಗ ಮರುಕಳಿಸಿತು. ಮೊದಲು ಚೇತರಿಸಿಕೊಂಡ ಬಾಲಕನೂ ಉಳಿಯಲಿಲ್ಲ. ವರದಿ ಬಂದ ಎರಡು ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಅವರೂ ತಮ್ಮ 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಕೆಲಸದ ಪೂರ್ಣ ಫಲವನ್ನು ಅವರು ನೋಡಲಿಲ್ಲ.

ಫಾರ್ಬರ್ ಅವರನ್ನು ಸಹವೈದ್ಯರೇ ಟೀಕಿಸಿದರು. ಸಾಯುವ ಮಕ್ಕಳನ್ನು ಶಾಂತಿಯಿಂದ ಸಾಯಲು ಬಿಡಬೇಕು, ವಿಷ ಕೊಟ್ಟು ಅವರ ಯಾತನೆಯನ್ನು ಹಿಗ್ಗಿಸಬಾರದು ಎಂಬುದು ಅವರ ವಾದ. ಈ ವಾದವನ್ನು ನಿಷ್ಕರುಣೆಯೆಂದು ತಳ್ಳಿಹಾಕುವಂತಿಲ್ಲ. ಅದೂ ಕರುಣೆಯ ಮಾತೇ. ಮೇಲಾಗಿ ಅದೇ 1947ರ ಆಗಸ್ಟ್‌ನಲ್ಲಿ ನಾಜಿ ವೈದ್ಯರ ವಿಚಾರಣೆಯ ತೀರ್ಪಿನೊಂದಿಗೆ ನ್ಯೂರೆಂಬರ್ಗ್ ಸಂಹಿತೆ ಹೊರಬಂದಿತ್ತು. ಸ್ವಸಮ್ಮತಿಯಿಲ್ಲದೆ ಯಾರ ಮೇಲೂ ಪ್ರಯೋಗ ಸಲ್ಲದೆಂಬುದು ಅದರ ಮೊದಲ ನಿಯಮ. ಆದರೆ ಮೂರು ವರ್ಷದ ಮಗು ಏನೆಂದು ಸಮ್ಮತಿ ಕೊಟ್ಟೀತು? ಅದರ ಪರವಾಗಿ ಒಪ್ಪಬೇಕಾದ ತಂದೆತಾಯಿಯರು ಯಾವ ಸ್ಥಿತಿಯಲ್ಲಿರುತ್ತಾರೆ? ಇದಕ್ಕೆ ವೈದ್ಯಲೋಕ ಕೂಡಲೇ ಉತ್ತರ ಕೊಡಲಿಲ್ಲ. 1964ರ ಹೆಲ್ಸಿಂಕಿ ಘೋಷಣೆಯಿಂದ ಮೊದಲ್ಗೊಂಡು ನಿಯಮಗಳು ಒಂದೊಂದಾಗಿ ರೂಪುಗೊಂಡವು.

1950ರ ನಂತರ ಬೇರೆ ಬೇರೆ ಕಡೆಗಳಿಂದ ಹೊಸ ಔಷಧಗಳು ಬಂದವು. ನ್ಯೂಯಾರ್ಕ್ ಬಳಿಯ ಪ್ರಯೋಗಾಲಯವೊಂದರಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1951ರಲ್ಲಿ 6-ಮರ್ಕ್ಯಾಪ್ಟೊಪ್ಯೂರಿನ್ ತಯಾರಿಸಿದರು. 1953ರಲ್ಲಿ ಅದು ಬಳಕೆಗೆ ಬಂದಿತು. ಅಜ್ಜ ಕ್ಯಾನ್ಸರಿನಿಂದ ತೀರಿಕೊಂಡುದನ್ನು ಹದಿಹರೆಯದಲ್ಲಿ ಕಂಡ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಕರ್ನಾಟಕದ ಮನೆಯಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆ ಅಥವಾ ಸದಾಪುಷ್ಪದ ಮೂಲ ಮಡಗಾಸ್ಕರ್ ದ್ವೀಪ. ಸಿಹಿಮೂತ್ರಕ್ಕೆ ಅದು ಮದ್ದೆಂಬ ಜನರ ನಂಬಿಕೆಯನ್ನು ಪರೀಕ್ಷಿಸಹೋದ ಕೆನಡಾದ ವಿಜ್ಞಾನಿಗಳು, ಅದರ ಸಾರ ಬಿಳಿಕಣಗಳನ್ನು ಕುಗ್ಗಿಸುವುದನ್ನು ಕಂಡರು. ಆ ಗಿಡದಿಂದಲೇ ದೊರೆತ ವಿನ್‌ಕ್ರಿಸ್ಟಿನ್ 1963ರಲ್ಲಿ ಔಷಧವಾಯಿತು. ಗಿನಿಹಂದಿಯ ರಕ್ತದ್ರವ ಇಲಿಗಳ ಗೆಡ್ಡೆಯನ್ನು ಕರಗಿಸುವುದೆಂದು 1953ರಲ್ಲಿ ಕಂಡುದರಿಂದ ಹೊರಟ ಶೋಧ ಆಸ್ಪರಾಜಿನೇಸ್ ಎಂಬ ಔಷಧದಲ್ಲಿ ಕೊನೆಗೊಂಡಿತು.

ಔಷಧಗಳೇನೋ ಬಂದವು, ಒಂದೊಂದೂ ರೋಗವನ್ನು ಕೆಲವು ಕಾಲ ಅಡಗಿಸಿ ಸೋಲುತ್ತಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಗೋರ್ಡನ್ ಜುಬ್ರೋಡ್, ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಈ ಸೋಲಿಗೆ ಎರಡು ಬಗೆಯಲ್ಲಿ ಉತ್ತರ ಹುಡುಕಿದರು. ಮೊದಲನೆಯದು, ವೈದ್ಯನ ಇಷ್ಟಾನಿಷ್ಟಗಳನ್ನು ಹೊರಗಿಟ್ಟು, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಎರಡು ಚಿಕಿತ್ಸೆಗಳನ್ನು ಹೋಲಿಸುವುದು. ಮಗುವಿನ ಚಿಕಿತ್ಸೆಯನ್ನು ಚೀಟಿ ನಿರ್ಣಯಿಸುವುದು ಮೇಲುನೋಟಕ್ಕೆ ಕ್ರೂರವೆನಿಸುತ್ತದೆ. ಆದರೆ ಯಾವುದು ಮೇಲೆಂದು ನಿಜವಾಗಿ ತಿಳಿಯದಿರುವಾಗ ತಿಳಿದವನಂತೆ ನಟಿಸುವುದು ಅದಕ್ಕಿಂತ ಅಪಾಯಕರ. ಎರಡನೆಯದು, ಹಲವು ಔಷಧಗಳನ್ನು ಒಟ್ಟಿಗೆ ಕೊಡುವುದು. 1960ರ ದಶಕದ ಆರಂಭದಲ್ಲಿ ನಾಲ್ಕು ಔಷಧಗಳನ್ನು ಕೂಡಿಸಿ ಕೊಟ್ಟಾಗ ಮಕ್ಕಳು ಮೊದಲು ಇನ್ನಷ್ಟು ಕುಸಿದರು, ಟೀಕೆ ತೀವ್ರವಾಯಿತು. ಆಮೇಲೆ ಮಜ್ಜೆ ಶುದ್ಧವಾಯಿತು. ಆದರೆ ಗೆದ್ದೆವೆನ್ನುವಷ್ಟರಲ್ಲಿ ಹಲವು ಮಕ್ಕಳು ತಲೆನೋವು, ವಾಂತಿಗಳೊಡನೆ ಹಿಂದಿರುಗಿದರು. ರಕ್ತದಿಂದ ಓಡಿದ ರೋಗ, ಔಷಧ ತಲುಪದ ಮೆದುಳಿನ ಆವರಣದಲ್ಲಿ ಅಡಗಿಕೊಂಡಿತ್ತು.

1962ರಲ್ಲಿ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಆಸ್ಪತ್ರೆ ಆರಂಭವಾಯಿತು. ವರ್ಣಭೇದ ಪ್ರಬಲವಾಗಿದ್ದ ಆ ಪ್ರದೇಶದಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳಿಗೆ ಅಲ್ಲಿ ಒಂದೇ ಕಡೆ ಚಿಕಿತ್ಸೆ ನಡೆಯಿತು. ಅದರ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್, ಹಿಂದಿನ ಸೋಲುಗಳನ್ನೆಲ್ಲ ಮುಂದಿಟ್ಟುಕೊಂಡು ಚಿಕಿತ್ಸೆಯನ್ನು ಹಂತಗಳಾಗಿ ಜೋಡಿಸಿದರು: ರೋಗವನ್ನು ಅಡಗಿಸುವುದು, ಉಳಿದುದನ್ನು ಸದೆಬಡಿಯುವುದು, ತಲೆಗೆ ವಿಕಿರಣ ಮತ್ತು ಬೆನ್ನುಹುರಿಯ ದ್ರವಕ್ಕೆ ಔಷಧ ಕೊಡುವುದು, ಬಳಿಕ ಎರಡು ಮೂರು ವರ್ಷಗಳ ಕಾಲ ಔಷಧವನ್ನು ಮುಂದುವರಿಸುವುದು. ಮೊದಲ ನಾಲ್ಕು ಅಧ್ಯಯನಗಳಲ್ಲಿ ಉಳಿದವರು ಕೆಲವರೇ. 1967-68ರ ಐದನೆಯ ಅಧ್ಯಯನದ 35 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪೂರ್ಣವಾಗಿ ಗುಣ ಹೊಂದಿದರು. 'ಗುಣವಾಯಿತು' ಎಂಬ ಮಾತನ್ನು ವೈದ್ಯರು ಮೊದಲ ಬಾರಿಗೆ ಧೈರ್ಯದಿಂದ ಹೇಳುವಂತಾಯಿತು.

ಈ ಗೆಲುವಿನ ಖರ್ಚಿನ ಪಟ್ಟಿಯನ್ನೂ ಪ್ರಾಮಾಣಿಕವಾಗಿ ಓದಬೇಕಾಗುತ್ತದೆ. ಪ್ರತಿಯೊಂದು ಔಷಧದ ಹಿಂದೆಯೂ ಲ್ಯುಕೀಮಿಯಾವನ್ನು ಕಸಿಮಾಡಿಸಿಕೊಂಡು ಸತ್ತ ಅಸಂಖ್ಯ ಇಲಿಗಳಿವೆ. ಒಂದೇ ಒಂದು ರೋಗಕಣ ಉಳಿದರೂ ಇಡೀ ಪ್ರಾಣಿ ಸಾಯುವುದೆಂಬ ಪಾಠ ಹವರ್ಡ್ ಸ್ಕಿಪ್ಪರ್ ಅವರಿಗೆ ದೊರೆತದ್ದು ಅವುಗಳಿಂದ. ಚೇತರಿಸಿಕೊಂಡಂತೆ ಕಾಣುವ ಮಗುವಿಗೆ ವರ್ಷಗಟ್ಟಲೆ ಔಷಧ ಮುಂದುವರಿಸುವುದು ಆ ಪಾಠದ ಫಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನಸ್ಸಿಗೆ ಇದು ಮುಳ್ಳು. ಈ ಹಿಂಸೆಯನ್ನು ಇಲ್ಲವೆನ್ನುವುದು ಅಸತ್ಯ. ಫಲ ಬಂದುದರಿಂದ ಅದು ಹಿಂಸೆಯೇ ಅಲ್ಲವೆನ್ನುವುದೂ ಅಸತ್ಯ. ಬದುಕುಳಿದ ಮಕ್ಕಳಿಗೂ ನೋವು ತಪ್ಪಲಿಲ್ಲ. ತಲೆಗೆ ಕೊಟ್ಟ ವಿಕಿರಣದಿಂದ ಹಲವರ ಕಲಿಕೆ ಕುಂಠಿತವಾಯಿತು, ಬೆಳವಣಿಗೆ ನಿಂತಿತು, ಕೆಲವರಿಗೆ ಮುಂದೆ ಬೇರೆ ಗೆಡ್ಡೆಗಳು ಹುಟ್ಟಿದವು. ಅದನ್ನೂ ವೈದ್ಯರು ಬರೆದಿಟ್ಟರು. ಸೇಂಟ್ ಜೂಡ್‌ನಲ್ಲಿಯೇ ವಿಕಿರಣವನ್ನು ಪೂರ್ತಿ ಕೈಬಿಟ್ಟು ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನದ 498 ಮಕ್ಕಳಲ್ಲಿ ಐದು ವರ್ಷಗಳ ಬದುಕುಳಿಕೆ ಶೇ. 93.5ರಷ್ಟಾಯಿತು. ಜೀವ ಉಳಿಸುವುದರ ಜೊತೆಗೆ ನೋವನ್ನು ಕಡಿಮೆ ಮಾಡುವುದೂ ಸಂಶೋಧನೆಯ ಗುರಿಯಾಯಿತು.

ಈಚಿನ ಔಷಧಗಳು ದೇಹದ ಸ್ವಂತ ರಕ್ಷಣಾಶಕ್ತಿಯನ್ನೇ ರೋಗದತ್ತ ತಿರುಗಿಸುತ್ತವೆ. ರಕ್ಷಣಾಕಣವನ್ನೂ ರೋಗಕಣವನ್ನೂ ಎರಡು ಕೈಗಳಿಂದ ಹಿಡಿದು ಹತ್ತಿರ ತರುವಂತಹ ಬ್ಲಿನಾಟುಮೊಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದನ್ನು ಸಾಮಾನ್ಯ ಚಿಕಿತ್ಸೆಯೊಡನೆ ಸೇರಿಸಿದಾಗ, ರೋಗ ಮರುಕಳಿಸದೆ ಮೂರು ವರ್ಷ ಬಾಳಿದ ಮಕ್ಕಳು ಶೇ. 96, ಸೇರಿಸದಿದ್ದಾಗ ಸುಮಾರು ಶೇ. 88 ಎಂದು 2024ರ ಡಿಸೆಂಬರ್‌ನಲ್ಲಿ ವರದಿಯಾಯಿತು. ಉತ್ತರ ಸ್ಪಷ್ಟವಾದೊಡನೆ ಚೀಟಿ ಎತ್ತುವುದನ್ನು ಅವಧಿಗೆ ಮೊದಲೇ ನಿಲ್ಲಿಸಿದುದು ಗಮನಾರ್ಹ. ತಿಳಿದ ಮೇಲೆ ಒಂದು ಮಗುವನ್ನೂ ಕಡಿಮೆ ಚಿಕಿತ್ಸೆಯಲ್ಲಿ ಇಡುವ ಹಕ್ಕು ಯಾರಿಗೂ ಇಲ್ಲ. ರೋಗಿಯ ರಕ್ಷಣಾಕಣಗಳನ್ನು ಹೊರತೆಗೆದು, ಮಾರ್ಪಡಿಸಿ, ಮರಳಿ ಸೇರಿಸುವ 'ಕಾರ್-ಟಿ' ಚಿಕಿತ್ಸೆಯಿಂದ 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಆರು ವರ್ಷದ ಬಾಲಕಿಯೊಬ್ಬಳು ಗುಣ ಹೊಂದಿದಳು. 2017ರಲ್ಲಿ ಅದು ಮಾರಾಟಕ್ಕೆ ಬಂದಾಗ ಬೆಲೆ 4,75,000 ಡಾಲರ್. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಕೂಡಿ ರೂಪಿಸಿದ ಇದೇ ಬಗೆಯ ಚಿಕಿತ್ಸೆಗೆ 2023ರಲ್ಲಿ ಭಾರತ ಸರ್ಕಾರದ ಒಪ್ಪಿಗೆ ದೊರೆಯಿತು. ಅದರ ಬೆಲೆ ಅಮೆರಿಕದ್ದಕ್ಕಿಂತ ಬಹಳ ಕಡಿಮೆಯಾದರೂ ಸಾಮಾನ್ಯ ಕುಟುಂಬಕ್ಕೆ ಎಟುಕುವಂತಹುದಲ್ಲ.

ಭಾರತದಲ್ಲಿ ಹೊಸ ಔಷಧಕ್ಕಿಂತ ಹಳೆಯ ಪ್ರಶ್ನೆಯೊಂದು ದೊಡ್ಡದಾಗಿ ಉಳಿದಿದೆ. 1984ರಿಂದ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ, ಮುಂದೆ ಚೆನ್ನೈ ಮತ್ತು ದೆಹಲಿಗಳಲ್ಲಿಯೂ ಒಂದೇ ಕ್ರಮದ ಚಿಕಿತ್ಸೆ ಜಾರಿಗೆ ಬಂದು, ಬದುಕುಳಿಯುವ ಮಕ್ಕಳ ಸಂಖ್ಯೆ ಬಹುವಾಗಿ ಹೆಚ್ಚಿತು. ಆದರೆ ಚಿಕಿತ್ಸೆ ಎರಡು ಮೂರು ವರ್ಷಗಳದ್ದು. ಮಗು ಸ್ವಲ್ಪ ಗೆಲುವಾದೊಡನೆ, ಸಾಲ ಬೆಳೆದೊಡನೆ, ಪಟ್ಟಣದಲ್ಲಿ ತಂಗಲು ನೆಲೆಯಿಲ್ಲದೆ, ಊರಿನ ಹೊಲ ಬಿಟ್ಟುಬರಲಾಗದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋಗುವ ಕುಟುಂಬಗಳಿವೆ. ಒಂದು ಕಣ ಉಳಿದರೂ ರೋಗ ಮರಳುವುದೆಂದು ಎಂದೋ ತಿಳಿದ ಸತ್ಯ ಅಲ್ಲಿ ಮತ್ತೆ ಮತ್ತೆ ರುಜುವಾತಾಗುತ್ತದೆ. ಅಂತಹ ಮಗುವಿಗೆ ಬೇಕಾದುದು ಹೊಸ ಸಂಶೋಧನೆಯಲ್ಲ. ಆಸ್ಪತ್ರೆಯ ಬಳಿ ತಂಗಲೊಂದು ಕೋಣೆ, ಬಂದುಹೋಗುವ ಖರ್ಚು, ಶುದ್ಧವಾದ ಊಟ, ಬಿಡಬೇಡಿರೆಂದು ಹೇಳುವ ಒಬ್ಬ ಹಿತೈಷಿ. ಔಷಧದಾನವೆಂಬ ಹಿರಿಯರ ಮಾತಿನಲ್ಲಿ ಇವೆಲ್ಲವೂ ಅಡಗಿವೆ. ಧರ್ಮಛತ್ರವುಳ್ಳ ಸಂಸ್ಥೆಗಳ ಶಕ್ತಿಗೆ ಇದು ಮೀರಿದುದಲ್ಲ.

1948ರ ಆ 16 ಮಕ್ಕಳಿಗೆ ತಾವು ಯಾರಿಗಾಗಿ ನೋವುಂಡೆವೆಂದು ತಿಳಿದಿರಲಿಲ್ಲ. ಅವರಿಗೂ ಅವರ ತಂದೆತಾಯಿಯರಿಗೂ ಸಲ್ಲಿಸಬೇಕಾದ ಋಣವನ್ನು ಅವರಿಗೇ ಸಲ್ಲಿಸುವ ದಾರಿ ಇನ್ನಿಲ್ಲ. ಇಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುವ ಮಗುವಿನ ಚಿಕಿತ್ಸೆ ಕೊನೆಯ ದಿನದವರೆಗೆ ನಡೆಯುವಂತೆ ನೋಡಿಕೊಂಡಾಗ ಮಾತ್ರ ಅದರಲ್ಲಿ ಸ್ವಲ್ಪ ತೀರುತ್ತದೆ.